ಹ್ಯಾಂಡ್‌ಬ್ರೇಕಿನ ಹಿರಿಯಳಿಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಏರು ರಸ್ತೆಯ ನೆತ್ತಿಯಲ್ಲಿರುವ ಗ್ಯಾರೇಜಿನ ಮುಂದೆ ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಯೊಂದು ನಿಂತಿದೆ. ಹಿಂದಿನ ಚಕ್ರಗಳಿಗೆ ದಪ್ಪ ಕಲ್ಲು ಕೊಟ್ಟಿದ್ದಾರೆ. ಗಾಡಿಯ ಅಡಿಯಿಂದ ಎರಡು ಕಾಲು ಮಾತ್ರ ಆಚೆ ಚಾಚಿಕೊಂಡಿವೆ.

"ಮೇಡಂ, ಲಿವರ್ ಎಳೀರಿ," ಎನ್ನುತ್ತದೆ ಅಡಿಯಿಂದ ಬಂದ ದನಿ.

ಡ್ರೈವರ್ ಸೀಟಿನಲ್ಲಿ ಕೂತ ದನದ ಡಾಕ್ಟರಮ್ಮ ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ. ಅದು ಸಲೀಸಾಗಿ ಮೇಲೆ ಬರುತ್ತದೆ.

"ಇನ್ನೂ ಎಳೀರಿ."

"ಇನ್ನೂ ಎಳೆದ್ರೆ ಕಿತ್ತು ಕೈಗೇ ಬರುತ್ತೆ ಕಣ್ರೀ."

ಅಡಿಯಲ್ಲಿರುವವರನ್ನು ಈ ಬೀದಿ ಹಿರಿಯಳಿಯ ಎಂದೇ ಕರೆಯುತ್ತದೆ. ಗ್ಯಾರೇಜು ಅವರ ಮಾವನದು. ಹಿರಿಮಗಳನ್ನು ಮದುವೆಯಾಗಿ ಇಲ್ಲಿ ಸ್ಪ್ಯಾನರ್ ಹಿಡಿದಾಗ ಎಂಜಿನ್ನು, ಗೇರು, ಬ್ರೇಕು ಎಲ್ಲವನ್ನೂ ಅವರೇ ನೋಡುತ್ತಿದ್ದರು. ಆಮೇಲೆ ಕಿರಿಮಗಳ ಗಂಡ ಬಂದರು. ಮಾವ ಕೆಲಸ ಹಂಚಿದರು: ಎಂಜಿನ್ ಕಿರಿಯಳಿಯನಿಗೆ, ಬ್ರೇಕ್ ಹಿರಿಯಳಿಯನಿಗೆ. "ನಿನ್ನ ಕೈ ನಿಧಾನ, ನಿನಗೆ ಅದೇ ಸರಿ" ಎಂದಿದ್ದರಂತೆ. ಮಾವ ತೀರಿಕೊಂಡು ವರ್ಷಗಳೇ ಆದವು. ಆ 'ನಿಧಾನ' ಮಾತ್ರ ಹಿರಿಯಳಿಯನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡೇ ಇದೆ.

"ನನಗೆ ಷಡ್ಡಕನ ಮೇಲೆ ಹೊಟ್ಟೆಕಿಚ್ಚು. ಹಾಗಂತ್ಲೇ ಬರೀರಿ, ಮುಚ್ಚುಮರೆ ಏನಿಲ್ಲ," ಎನ್ನುತ್ತಾರೆ ಅವರು, ಗಾಡಿಯಡಿಯಿಂದ ತೆವಳಿ ಹೊರಬಂದು, ಪತ್ರಿಕೆಗೆ ಬರೆಯಲು ಬಂದಿರುವ ನನ್ನೆದುರು ಕೂತು. "ಅವನು ಸತ್ತ ಎಂಜಿನ್‌ಗೆ ಜೀವ ಕೊಟ್ರೆ ಗುರ್ ಅಂತ ಸದ್ದಾಗುತ್ತೆ, ಹೊಗೆ ಬರುತ್ತೆ, ಸುತ್ತ ನಿಂತವರು ಚಪ್ಪಾಳೆ ಹೊಡೀತಾರೆ. ನಾನು ಹ್ಯಾಂಡ್‌ಬ್ರೇಕ್ ಸರಿ ಮಾಡಿದ್ರೆ ಏನೂ ಆಗಲ್ಲ. ನಿಂತಿರೋ ಗಾಡಿ ನಿಂತೇ ಇರುತ್ತೆ. ಏನೂ ಆಗದೇ ಇದ್ದಿದ್ದಕ್ಕೆ ಯಾರಾದ್ರೂ ಚಪ್ಪಾಳೆ ಹೊಡೀತಾರಾ?"

ಡಾಕ್ಟರಮ್ಮನ ಗಾಡಿ ಇಷ್ಟು ಬೆಳಿಗ್ಗೆ ಬಂದಿರುವುದಕ್ಕೆ ಕಾರಣವಿದೆ. ನಿನ್ನೆ ಅವರು ಗುಡ್ಡದ ಮನೆಯೊಂದರಲ್ಲಿ ಹಸುವಿಗೆ ಇಂಜೆಕ್ಷನ್ ಕೊಡುತ್ತಿದ್ದಾಗ, ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ್ದ ಗಾಡಿ ತಾನಾಗಿಯೇ ಹಿಂದಕ್ಕೆ ಉರುಳಿದೆ. ಹುಲ್ಲಿನ ರಾಶಿಗೆ ಹೊಕ್ಕು ನಿಂತಿತು, ಪುಣ್ಯ. ಆ ಮನೆಯ ಅಜ್ಜಿ ಅದೇ ರಾಶಿಗೆ ಒರಗಿ ಕೂತಿದ್ದವರು ಆಗಷ್ಟೇ ನೀರು ಕುಡಿಯಲು ಒಳಗೆ ಹೋಗಿದ್ದರು. "ರಾತ್ರಿಯಿಡೀ ಕಣ್ಣು ಮುಚ್ಚಿದ್ರೆ ಅಜ್ಜಿಯೇ ಕಾಣ್ತಾರೆ," ಎನ್ನುತ್ತಾರೆ ಡಾಕ್ಟರಮ್ಮ. ಇವತ್ತೂ ಅದೇ ಗುಡ್ಡಕ್ಕೆ ಹೋಗಬೇಕು. ಹಸು ಇಂದೋ ನಾಳೆಯೋ ಕರು ಹಾಕುವುದರಲ್ಲಿದೆ.

ಕೇಬಲ್ ಬಿಗಿ ಮಾಡಿಕೊಡಿ ಸಾಕು ಎಂಬುದು ಅವರ ಕೋರಿಕೆ. ಹಿರಿಯಳಿಯ ಒಪ್ಪುವುದಿಲ್ಲ. ಇಂಥ ಹಳೆಯ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ. ಗೇರ್‌ಬಾಕ್ಸಿನ ಹಿಂದೆ, ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿನ ಬುಡದಲ್ಲಿ ಅದಕ್ಕೆಂದೇ ಒಂದು ಡ್ರಮ್ ಇರುತ್ತದೆ. ಅವರು ಮತ್ತೆ ಬೆನ್ನ ಮೇಲೆ ತೆವಳಿ ಒಳಹೋಗಿ, ಶಾಫ್ಟ್ ಬಿಚ್ಚಿ, ಡ್ರಮ್ ಕಳಚುತ್ತಾರೆ. ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಒಳಗಿನ ಬ್ರೇಕ್ ಲೈನರ್ ಎಣ್ಣೆಯಲ್ಲಿ ಅದ್ದಿ ತೆಗೆದಂತಿದೆ. ಎಣ್ಣೆ ಮೆತ್ತಿದ ಲೈನರ್ ಏನನ್ನು ತಾನೇ ಹಿಡಿದೀತು?

ಎಣ್ಣೆ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದ ಅವರ ಮುಖ ನಿಧಾನಕ್ಕೆ ಅರಳುತ್ತದೆ. ಗೇರ್‌ಬಾಕ್ಸಿನ ಎಣ್ಣೆ ತಡೆಯುವ ರಬ್ಬರ್ ಸೀಲ್ ಸೋರುತ್ತಿದೆ. ಸೀಲ್ ಹೊಸದೇ. ಅದು ಅಪ್ಪಿಕೊಳ್ಳಬೇಕಾದ ಕಬ್ಬಿಣದ ಕೊರಳು ಮಾತ್ರ ಹಳೆಯದು, ಸವೆದು ಗೀರು ಬಿದ್ದಿದೆ. ಹೋದ ತಿಂಗಳು ಎಂಜಿನ್ ಜೊತೆಗೆ ಗೇರ್‌ಬಾಕ್ಸನ್ನೂ ಇಳಿಸಿ ಆ ಸೀಲ್ ಹಾಕಿದ್ದು ಕಿರಿಯಳಿಯ.

ಅಷ್ಟು ಹೊತ್ತಿಗೆ ಎದುರಿನ ಟೀ ಅಂಗಡಿ ತೆರೆದಿದೆ, ಡ್ರೈವರುಗಳು ಸೇರಿದ್ದಾರೆ. ಕಿರಿಯಳಿಯನೂ ಲೋಟ ಹಿಡಿದು ಅಲ್ಲೇ ನಿಂತಿದ್ದಾರೆ. ಹಿರಿಯಳಿಯ ಎಣ್ಣೆ ತೊಟ್ಟಿಕ್ಕುವ ಲೈನರನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಬೀದಿ ದಾಟುತ್ತಾರೆ.

"ನೋಡಪ್ಪಾ, ನಿನ್ನ ಕೆಲಸ. ಸೀಲ್ ಹಾಕೋವಾಗ ಕೆಳಗಿನ ಕಬ್ಬಿಣ ಸವೆದಿದ್ಯಾ ಅಂತ ಒಂದ್ಸಲ ಬೆರಳಾಡಿಸಿ ನೋಡಬಾರದಿತ್ತಾ? ಇದರಿಂದ ನಿನ್ನೆ ಒಂದು ಜೀವ ಹೋಗ್ತಿತ್ತು."

ಕಿರಿಯಳಿಯ ಲೋಟ ಕೆಳಗಿಟ್ಟು, ಲೈನರ್ ಇಸಿದುಕೊಂಡು ತಿರುಗಿಸಿ ನೋಡುತ್ತಾರೆ. ಡಾಕ್ಟರಮ್ಮನ ಕಡೆ ತಿರುಗುತ್ತಾರೆ.

"ತಪ್ಪು ನಂದೇ ಮೇಡಂ. ಅವಸರ ಮಾಡ್ದೆ. ಅಣ್ಣ ನೋಡದೇ ಇದ್ದಿದ್ರೆ ಇದು ನನಗೆ ಗೊತ್ತೇ ಆಗ್ತಿರಲಿಲ್ಲ."

ವಾದವಿಲ್ಲ, ನೆಪವಿಲ್ಲ. ಡ್ರೈವರುಗಳಲ್ಲೊಬ್ಬರು ತಲೆದೂಗುತ್ತಾರೆ: "ಎಷ್ಟು ದೊಡ್ಡ ಮನಸ್ಸು ನೋಡಿ. ಈ ಕಾಲದಲ್ಲಿ ಯಾರು ಹೀಗೆ ಒಪ್ಕೋತಾರೆ?" ಇನ್ನೊಬ್ಬರು ಕಿರಿಯಳಿಯನ ಬೆನ್ನು ತಟ್ಟುತ್ತಾರೆ. ಎಣ್ಣೆ ಮೆತ್ತಿದ ಕೈಯೊಂದಿಗೆ ಹಿರಿಯಳಿಯ ಒಬ್ಬರೇ ಗ್ಯಾರೇಜಿಗೆ ವಾಪಸಾಗುತ್ತಾರೆ.

"ಕೇಳಿಸ್ಕೊಂಡ್ರಲ್ಲ?" ಎನ್ನುತ್ತಾರೆ ನನಗೆ. "ತಪ್ಪು ಹಿಡಿದವನು ನಾನು. ಶಹಬ್ಬಾಸ್ ಅವನಿಗೆ."

ಹಳೆ ಸಾಮಾನಿನ ರಾಶಿ ಜಾಲಾಡಿ, ಗೀರಿಲ್ಲದ ಕೊರಳೊಂದನ್ನು ಹೆಕ್ಕುತ್ತಾರೆ. ಅದರ ಸುತ್ತ ಕಣ್ಣು ಮುಚ್ಚಿ ಬೆರಳಾಡಿಸುತ್ತಾರೆ. ಸೀಲ್ ನಾನು ಹಾಕ್ತೀನಿ ಎಂದು ಬಂದ ಷಡ್ಡಕನಿಗೆ "ಬೇಡ, ಟಾರ್ಚ್ ಹಿಡಿ ಸಾಕು" ಎನ್ನುತ್ತಾರೆ. ಒಂದೇ ಗಾಡಿಯಡಿ ಇಬ್ಬರೂ ಅಂಗಾತ ಮಲಗುತ್ತಾರೆ. ಹಿರಿಯಳಿಯನ ಕೈ ಎಲ್ಲಿ ಹೋಗುತ್ತದೋ ಅಲ್ಲಿಗೆ ಬೆಳಕು ಮೊದಲೇ ಹೋಗಿ ಕಾಯುತ್ತಿರುತ್ತದೆ. ಅದೂ ಅವರಿಗೆ ಸಹಿಸುವುದಿಲ್ಲ. "ಕಣ್ಣಿಗೆ ಹೊಡೀತಿದೆ, ಆಚೆ ಹಿಡಿ," ಎಂದು ಗದರುತ್ತಾರೆ. ಬೆಳಕು ಅವರ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನಾನು ನೋಡುತ್ತಿದ್ದೆ.

ತಿಂಡಿ ತಂದ ಹಿರಿಯಳಿಯನ ಹೆಂಡತಿ ನನ್ನ ಪಕ್ಕ ನಿಂತು ಇಬ್ಬರ ಕಾಲುಗಳನ್ನೂ ನೋಡಿ ನಗುತ್ತಾರೆ. "ನನ್ನ ತಂಗಿ ಗಂಡನ ಮೇಲೆ ಉರ್ಕೊಂಡು ಉರ್ಕೊಂಡೇ ಇವರಿಗೆ ಗ್ಯಾಸ್ಟ್ರಿಕ್ ಬಂದಿರೋದು. ಆದ್ರೆ ಅವನಿಗೆ ಒಂದು ದಿನ ಜ್ವರ ಬಂದ್ರೆ ಇವರಿಗೆ ಊಟ ಸೇರಲ್ಲ. ಯಾರ ಮೇಲೆ ಉರ್ಕೋಬೇಕು ಅಂತ ಗೊತ್ತಾಗಲ್ವೇನೋ."

ಹೊಸ ಲೈನರ್ ಕೂತು, ಡ್ರಮ್ಮಿಗೆ ಪೆಟ್ರೋಲ್ ಸ್ನಾನವಾಗಿ, ಶಾಫ್ಟ್ ಸೇರುವಷ್ಟರಲ್ಲಿ ಬಿಸಿಲೇರಿದೆ. ಹಿರಿಯಳಿಯ ಗಾಡಿಯನ್ನು ರಸ್ತೆಯ ಕಡಿದಾದ ಜಾಗಕ್ಕೆ ಒಯ್ದು, ಲಿವರ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು ಇಳಿಯುತ್ತಾರೆ. ಟೈರಿನಿಂದ ನೆಲದವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಕೂತು ಸಾವಕಾಶವಾಗಿ ತಿಂಡಿ ತಿನ್ನುತ್ತಾರೆ. ಕೈ ತೊಳೆದು ಬಂದು ನೋಡಿದರೆ ಗೆರೆ ಕೂದಲೆಳೆಯಷ್ಟೂ ಮುರಿದಿಲ್ಲ. "ಹೋಗಿ ಬನ್ನಿ ಮೇಡಂ" ಎಂದಷ್ಟೇ ಹೇಳುತ್ತಾರೆ.

ಮಧ್ಯಾಹ್ನ ಡಾಕ್ಟರಮ್ಮನ ಫೋನ್. ಕರು ಅಡ್ಡ ತಿರುಗಿತ್ತಂತೆ, ಹೊರಗೆಳೆಯುವಷ್ಟರಲ್ಲಿ ಸಾಕುಸಾಕಾಯಿತಂತೆ, ಈಗ ತಾಯಿ ಮಗು ಇಬ್ಬರೂ ಕ್ಷೇಮ. ಗಾಡಿ ಹೇಗಿದೆ ಎಂದು ಇವರು ಕೇಳುತ್ತಾರೆ. "ಅಯ್ಯೋ, ಗಾಡಿ ನೆನಪೇ ಆಗಲಿಲ್ಲ ನೋಡಿ."

ಹಿರಿಯಳಿಯ ಫೋನ್ ಇಡುತ್ತಾರೆ. ಮುಖದಲ್ಲಿ ನಗು ತಡೆದುಕೊಂಡವರ ಬಿಗುವು.

ಹೊರಡುವ ಮುನ್ನ ಅವರ ಷಡ್ಡಕನನ್ನೂ ಒಂದೆರಡು ಮಾತು ಕೇಳೋಣವೆಂದು ಏಳುತ್ತೇನೆ. ಹಿರಿಯಳಿಯ ನನ್ನ ತೋಳು ಹಿಡಿದು ಕೂರಿಸುತ್ತಾರೆ.

"ಅವನ ಹತ್ರ ಮಾತ್ರ ಹೋಗ್ಬೇಡಿ. ನನ್ನ ಬಗ್ಗೆ ಒಳ್ಳೇದೇ ಹೇಳ್ತಾನೆ. ನೀವು ಅದನ್ನ ಬರೀತೀರಿ. ಓದಿದವರೆಲ್ಲ ಅವನನ್ನೇ ಹೊಗಳ್ತಾರೆ. ಇದೊಂದು ಸಲ ಬರೀ ನಂದೇ ಇರ್ಲಿ."