ಇಪ್ಪತ್ತಮೂರು ಹೆಸರು, ಒಂದೇ ಒಲೆ

ಅಮರೇಶ ಸರ್ ಪ್ರಾಚಾರ್ಯರಾಗಲಿಲ್ಲ ಎಂಬ ಸುದ್ದಿ ಬಂದ ದಿನ ನಾನು ಗ್ರಂಥಾಲಯದ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೂತು ಎರಡು ಪೇಢೆ ತಿಂದೆ. ಇದನ್ನು ಮುಚ್ಚಿಡುವಷ್ಟು ಒಳ್ಳೆಯವಳು ನಾನಲ್ಲ. ಅವರಿಗೆ ಆ ಗತಿ ತಂದವಳು ಅನುರಾಧಾ. ಕಾಲೇಜಿನಲ್ಲಿ ಈಗ ಅವಳ ಹೆಸರೆತ್ತಿದರೆ ಎಲ್ಲರೂ ಕಿಟಕಿಯ ಕಡೆ ನೋಡುತ್ತಾರೆ. ಆದ್ದರಿಂದ ನಾನೇ ಹೇಳುತ್ತೇನೆ.

ಅನುರಾಧಾ ಇಳಕಲ್ಲಿನ ನೇಕಾರರ ಮಗಳು. ಡಿಪ್ಲೊಮಾ ಮುಗಿಸಿ ಬಾಗಲಕೋಟೆ ನವನಗರದ ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳಲು ಬಂದಳು. ಕಾಲೇಜಿನ ಹೆಸರು ಬೇಡ, ನಾನಿನ್ನೂ ಅಲ್ಲೇ ಗ್ರಂಥಪಾಲಕಿ. ಅವಳ ನೌಕರಿ ಕಾಯಂ ಅಲ್ಲ. ಪ್ರತಿ ಜೂನ್ ತಿಂಗಳಲ್ಲಿ ಇನ್ನೊಂದು ವರ್ಷದ ಕರಾರು. ಹನ್ನೆರಡು ವರ್ಷ ಮಧ್ಯಾಹ್ನದ ಬುತ್ತಿಯನ್ನು ನಾವಿಬ್ಬರೂ ಒಟ್ಟಿಗೆ ಬಿಚ್ಚಿದ್ದೇವೆ.

ನಾಲ್ಕು ಲ್ಯಾಬು, ತೊಂಬತ್ತು ಕಂಪ್ಯೂಟರು. ಸಂಜೆ ನಾಲ್ಕೂವರೆಗೆ ಹುಡುಗರು ಎದ್ದು ಹೋದರೆ ತೊಂಬತ್ತೂ ಸುಮ್ಮನೆ ಬಿದ್ದಿರುತ್ತಿದ್ದವು. ಅದೇ ಹೊತ್ತಿಗೆ ಮೇಷ್ಟ್ರುಗಳು ತಮ್ಮ ಸಂಶೋಧನೆಯ ಲೆಕ್ಕ ಒಂದು ಕಂಪ್ಯೂಟರಿನಲ್ಲಿ ಮುಗಿಯಲು ತಿಂಗಳು ಬೇಕೆಂದು ಗೋಳಾಡುತ್ತಿದ್ದರು. ಅನುರಾಧಾ ಓದಿದಳು, ಕೆಡಿಸಿದಳು, ಮತ್ತೆ ಕಟ್ಟಿದಳು. ಎರಡು ವರ್ಷ ಏಗಿ ತೊಂಬತ್ತನ್ನೂ ಒಂದಾಗಿ ದುಡಿಯುವಂತೆ ಮಾಡಿದಳು. ದೊಡ್ಡ ಲೆಕ್ಕವನ್ನು ತುಂಡು ಮಾಡಿ ಎಲ್ಲಕ್ಕೂ ಹಂಚುವುದು, ಉತ್ತರಗಳನ್ನು ಕೂಡಿಸುವುದು, ನಡುವೆ ಒಂದು ಯಂತ್ರ ಕೈಕೊಟ್ಟರೆ ಅದರ ಪಾಲನ್ನು ಇನ್ನೊಂದಕ್ಕೆ ದಾಟಿಸುವುದು. ತಿಂಗಳ ಕೆಲಸ ಒಂದು ದಿನಕ್ಕೆ ಇಳಿಯಿತು.

ಇಳಿದದ್ದೇ ತಡ, ಜಗಳ ಶುರುವಾಯಿತು. ಯಾರದು ಮೊದಲು? ಇದಕ್ಕೆ ಅನುರಾಧಾ ಯಾವ ಪುಸ್ತಕವನ್ನೂ ತೆರೆಯಲಿಲ್ಲ, ತನ್ನ ಓಣಿಯನ್ನು ನೆನೆದಳು. ನೇಯುವ ಮುಂಚೆ ನೂಲನ್ನು ಓಣಿಯುದ್ದಕ್ಕೂ ಚಾಚಿ, ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಬೇಕು. ಮನೆ ಹನ್ನೊಂದು, ಓಣಿ ಒಂದು. ಸರದಿ ನೋಡಿಕೊಳ್ಳುತ್ತಿದ್ದವಳು ಅವಳ ತಾಯಿ ದುರ್ಗವ್ವ. ಹೆಚ್ಚು ಬಳಸಿದವರು ಹಿಂದೆ, ಕಡಿಮೆ ಬಳಸಿದವರು ಮುಂದೆ. ಕೂಡಿ ಬಾಳುವ ಅಣ್ಣತಮ್ಮಂದಿರು ಬೇರೆ ಬೇರೆ ಹೆಸರು ಹೇಳಿ ಮೂರು ಸರದಿ ಕೇಳಲು ಬಂದರೆ ದುರ್ಗವ್ವ ವಾದಕ್ಕೆ ನಿಲ್ಲುತ್ತಿರಲಿಲ್ಲ. ಸೀದಾ ಒಳಗೆ ಹೋಗಿ ಎಷ್ಟು ಒಲೆ ಉರಿಯುತ್ತಿವೆ ಎಂದು ನೋಡಿ ಬರುತ್ತಿದ್ದಳು. ಒಲೆ ಒಂದಿದ್ದರೆ ಸರದಿಯೂ ಒಂದು.

ಈ ನಿಯಮವನ್ನೇ ಅನುರಾಧಾ ಕಂಪ್ಯೂಟರಿಗೆ ಕಲಿಸಿದಳು, ಒಬ್ಬರ ಕೆಲಸ ಎಷ್ಟು ಹೆಸರಿನಲ್ಲಿ ಬಂದರೂ ಸರದಿ ಒಂದೇ ಎಂಬುದನ್ನೂ ಸೇರಿಸಿ ಅಚ್ಚು ಹಾಕಿಸಿ ಲ್ಯಾಬಿನ ಬಾಗಿಲಿಗೂ ಅಂಟಿಸಿದಳು. ಕೆಳಗೆ ಸಹಿ ಹಾಕಿದವರು ವಿಭಾಗದ ಮುಖ್ಯಸ್ಥ ಅಮರೇಶ ಸರ್. ಓದದೆ ಸಹಿ ಹಾಕುವುದು ಅವರಿಗೆ ರೂಢಿ.

ಮರುವರ್ಷ ತಪಾಸಣೆಯ ಸಮಿತಿ ಬಂತು. ಇದನ್ನು ಕಟ್ಟಿದವರಿಗೆ ಕಾಯಂ ಹುದ್ದೆ ಕೊಡಬಹುದೆಂಬ ಮಾತಿತ್ತು. ಅನುರಾಧಾ ಅವತ್ತು ತಾಯಿ ನೇಯ್ದ ಕೆಂಪು ಸೆರಗಿನ ಸೀರೆ ಉಟ್ಟು ಬಂದಿದ್ದಳು. ಅಮರೇಶ ಸರ್ ಎಲ್ಲವನ್ನೂ ತೋರಿಸಿದರು, "ನಾನು ಕಟ್ಟಿದೆ" ಅಂದರು. ಮೂಲೆಯಲ್ಲಿ ನಿಂತ ಇವಳು ಯಾರೆಂದು ಒಬ್ಬರು ಕೇಳಿದಾಗ ನಗುತ್ತ ಹೇಳಿದರು: "ಅಕಿ ಸ್ವಿಚ್ ಹಾಕೂದು ತಗಿಯೂದು ಮಾಡ್ತಾಳ್ರಿ, ಅಷ್ಟ."

ನಾನು ಕಡತ ಹಿಡಿದು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ನಾಚಿಕೆ ನನಗೆ ಇನ್ನೂ ಇದೆ. ಅನುರಾಧಾ ಅಳಲಿಲ್ಲ, ಕೂಗಾಡಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತ, "ಇದನ್ನ ನಾ ಮರಿಯಂಗಿಲ್ಲರಿ ಅಕ್ಕಾರ" ಅಂದಳು. ಒಂಬತ್ತು ವರ್ಷ ಮರೆಯಲಿಲ್ಲ. ಎದುರಿಗೆ ಬಂದರೆ ನಮಸ್ಕಾರ ಮಾಡುತ್ತಿದ್ದಳು, ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡಿದ್ದಳು.

ಕಳೆದ ವರ್ಷ ಪ್ರಾಚಾರ್ಯರ ಹುದ್ದೆ ಖಾಲಿಯಾಯಿತು. ಅಮರೇಶ ಸರ್ ಒಂದು ದೊಡ್ಡ ಸಂಶೋಧನಾ ವರದಿಯನ್ನು ಜನವರಿಯ ಒಂದು ಸೋಮವಾರ ಸಂಜೆ ಐದರೊಳಗೆ ಕಳಿಸಬೇಕಿತ್ತು. ಅದಿಲ್ಲದೆ ಅರ್ಜಿ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದು ರಜೆ ಬಿದ್ದಿತ್ತು, ಯಂತ್ರಗಳೆಲ್ಲ ದಿನಪೂರ್ತಿ ಲೆಕ್ಕಗಳಿಗೇ ಸಿಗುತ್ತಿದ್ದವು. ಆದರೂ ಸಿವಿಲ್ ವಿಭಾಗದ ಪ್ರೀತಿ ಮೇಡಂ ಶನಿವಾರ ಬಂದು ಅಲವತ್ತುಕೊಂಡರು. ಘಟಪ್ರಭೆಗೆ ನೆರೆ ಬಂದರೆ ಕಲಾದಗಿಯ ಯಾವ ಹೊಲ ಮುಳುಗುತ್ತದೆ ಎಂಬ ಅವರ ಲೆಕ್ಕ ಮೂರು ವಾರದಿಂದ ಸರದಿಯಲ್ಲೇ ಕೊಳೆಯುತ್ತಿತ್ತು.

ಅನುರಾಧಾ ತೆರೆದು ನೋಡಿದಳು. ಮುಂದಿನ ಸಾಲಿನಲ್ಲಿ ಇಪ್ಪತ್ತಮೂರು ವಿದ್ಯಾರ್ಥಿಗಳ ಹೆಸರು. ಊರಿಗೆ ಹೋಗಿ ಹಾಯಾಗಿ ಮಲಗಿದ್ದ ಹುಡುಗರು ಇಲ್ಲಿ ಹಗಲಿರುಳು ಸಂಶೋಧನೆ ಮಾಡುತ್ತಿದ್ದರು! ಆ ಕೆಲಸಗಳು ಯಾವ ಕಂಪ್ಯೂಟರಿನಿಂದ ಬಂದಿವೆ ಎಂದು ಹುಡುಕಿದಳು. ಇಪ್ಪತ್ತಮೂರೂ ಅಮರೇಶ ಸರ್ ಕೋಣೆಯಿಂದ ಬಂದಿದ್ದವು.

"ಒಲಿ ಒಂದ ಐತರಿ ಅಕ್ಕಾರ" ಅಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅವತ್ತೇ ಕಂಡದ್ದು. ಇಪ್ಪತ್ತಮೂರು ಹೆಸರನ್ನೂ ಒಂದೇ ಹೆಸರಿಗೆ ಸೇರಿಸಿದಳು. ಬಳಸಿದ್ದೆಲ್ಲ ಒಟ್ಟಾಯಿತು, ಅವರ ಉಳಿದ ಕೆಲಸ ಸರದಿಯ ಕಟ್ಟಕಡೆಗೆ ಬಿತ್ತು.

ಸೋಮವಾರ ಒಂಬತ್ತಕ್ಕೆ ಅಮರೇಶ ಸರ್ ಲ್ಯಾಬಿಗೆ ಓಡಿ ಬಂದರು. ನಾನು ಅನುರಾಧಾಳ ಜೊತೆ ಚಹಾ ಕುಡಿಯುತ್ತಿದ್ದೆ, ಏಳಲಿಲ್ಲ.

"ಏನ್ ಮಾಡೀ ನೀ? ನಂದು ಇನ್ನ ಆರ ತಾಸಿನ ಕೆಲಸ ಐತಿ. ಮುಂದ ತಗೊ ಅದನ್ನ."

"ಈಗ ಪ್ರೀತಿ ಮೇಡಂ ಅವರದು ನಡದೈತ್ರಿ ಸರ್. ಆಮ್ಯಾಲೆ ಇನ್ನ ಇಬ್ಬರು ಅದಾರ. ಆಮ್ಯಾಲೆ ನೀವು. ನಾಳೆ ಮಧ್ಯಾಹ್ನಕ್ಕ ಆಗಬಹುದು."

"ನಾಳೆ ತಗೊಂಡು ಏನ್ ಮಾಡ್ಲಿ?"

ಅವಳು ಬಾಗಿಲ ಮೇಲಿನ ನಿಯಮ ತೋರಿಸಿದಳು. ಅವರು ತಮ್ಮದೇ ಸಹಿಯನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತರು. ಐದು ನಿಮಿಷದಲ್ಲಿ 'ನೀ' ಹೋಗಿ 'ನೀವು' ಬಂತು.

"ನೋಡ್ರಿ ಅನುರಾಧಾ, ಆಗಿದ್ದು ಆಗಿ ಹೋತು. ನಾ ಈಗ ಬರದು ಕೊಡ್ತೇನಿ. ಇದನ್ನ ಕಟ್ಟಿದವರು ನೀವು ಅಂತ. ಕಾಯಂ ಮಾಡ್ರಿ ಅಂತನೂ ಬರೀತೇನಿ. ನೀವು ಇದೊಂದ ಮುಂದ ತಗೋರಿ."

ಅಲ್ಲೇ ಬರೆದರು, ಸಹಿ ಹಾಕಿದರು. ಒಂದು ಗುಂಡಿ ಒತ್ತಿದರೆ ಸಾಕು, ಜೀವನವಿಡೀ ಕೇಳಿದ ನೌಕರಿ ಕೈಯಲ್ಲಿ. ತಗೋ ಹುಡುಗಿ, ತಗೋ ಎಂದು ಮನಸ್ಸಿನಲ್ಲೇ ಕೂಗಿದೆ.

ಅನುರಾಧಾ ಕೊನೆಯ ಸಾಲಿನವರೆಗೂ ಓದಿದಳು.

"ಖರೆ ಬರದೀರಿ ಸರ್. ಒಂಬತ್ತ ವರ್ಷದ ಹಿಂದನೂ ಇದು ಖರೆನ ಇತ್ತು." ಕಾಗದವನ್ನು ಮಡಚಿ ಅವರ ಮುಂದಿಟ್ಟಳು. "ನಿಮ್ಮ ಸರದಿ ಬಂದಾಗ ನಿಮ್ಮ ಕೆಲಸ ಆಗತೈತಿ."

ಅವರು ಗದರಿದರು, ಬೇಡಿದರು. ಯಾರಿಗೋ ಫೋನು ಮಾಡಿದರು. ಆ ವ್ಯವಸ್ಥೆಯನ್ನು ನಡೆಸಲು ಬಲ್ಲವರು ಕಾಲೇಜಿನಲ್ಲಿ ಬೇರೆ ಯಾರಿದ್ದರು? ಅಮರೇಶ ಸರ್ ಯಾರಿಗೂ ಕಲಿಸಿರಲಿಲ್ಲ, ತಮಗೇ ಬರುತ್ತಿರಲಿಲ್ಲ. ಸಂಜೆಯವರೆಗೆ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪರದೆ ನೋಡಿದರು. ಐದು ಹೊಡೆದಾಗ ಕಲಾದಗಿಯ ಹೊಲಗಳ ಲೆಕ್ಕ ಇನ್ನೂ ನಡೆದಿತ್ತು. ಅವರು ಕಾಗದವನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ಪ್ರಾಚಾರ್ಯರಾಗದಿದ್ದರೂ ಅವರು ವಿಭಾಗದ ಮುಖ್ಯಸ್ಥರಾಗಿಯೇ ಉಳಿದರು. ಜೂನ್‌ನಲ್ಲಿ ಅನುರಾಧಾಳ ಕರಾರಿನ ಹಾಳೆ ಅವರ ಮೇಜಿಗೆ ಹೋಯಿತು, ಸಹಿಯಾಗದೆ ವಾಪಸು ಬಂತು.

ಕೊನೆಯ ದಿನ ಅವಳು ಕೀಲಿಕೈ ಒಪ್ಪಿಸಿ ಗ್ರಂಥಾಲಯಕ್ಕೆ ಬಂದಳು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು, ಬೈದುಬಿಟ್ಟೆ. "ಆ ಕಾಗದ ಇಸ್ಕೊಂಡಿದ್ರ ಏನ ಗಂಟು ಹೋಗತಿತ್ತ ನಿಂದು? ನಿನಗ ಈ ನೌಕರಿ ಬ್ಯಾಡಾಗಿತ್ತೇನ?"

"ಬೇಕಾಗಿತ್ತರಿ ಅಕ್ಕಾರ, ಭಾಳ ಬೇಕಾಗಿತ್ತು" ಅಂದಳು. "ಆದ್ರ ಅಂವಾ ಹಂಗ ಕುಂತು ಕಾಯೂದನ್ನ ನೋಡೂದು ಅದಕ್ಕಿಂತ ಹೆಚ್ಚ ಬೇಕಾಗಿತ್ತು."