ಮಾಲೆ ಇಳಿಸದ ಮುತ್ತುರಾಜ

ಸಾರಕ್ಕಿಯ ಮುತ್ತುರಾಜ ವರ್ಷಕ್ಕೊಂದು ಸಲ ಮನುಷ್ಯನಾಗುತ್ತಿದ್ದ. ಕಾರ್ತಿಕ ಕಳೆದು ಚಳಿ ಕಾಲಿಡುವ ಹೊತ್ತಿಗೆ ಶಾಮಣ್ಣನ ಸೈಕಲ್ ಶಾಪಿನ ಹಿಂದಿದ್ದ ಶೆಡ್ಡಿಗೆ ಹೋಗಿ, ತಲೆ ಬಗ್ಗಿಸಿ, ಅಯ್ಯಪ್ಪನ ಮಾಲೆ ಹಾಕಿಸಿಕೊಳ್ಳುತ್ತಿದ್ದ. ಶಾಮಣ್ಣ ಆ ಬೀದಿಯ ಗುರುಸ್ವಾಮಿ. ಮಾಲೆ ಬಿದ್ದ ಗಳಿಗೆಯಿಂದ ಕಪ್ಪು ಪಂಚೆ, ಬರಿಗಾಲು, ಎರಡು ಹೊತ್ತು ತಣ್ಣೀರು, ಮಲಗಲು ಬರೀ ಚಾಪೆ. ನಿನ್ನೆಯವರೆಗೆ ‘ಲೇ ಕುಡುಕ’ ಎಂದು ಕೂಗುತ್ತಿದ್ದ ಬೀದಿ ಇವತ್ತು ‘ಸ್ವಾಮಿ’ ಎನ್ನುತ್ತಿತ್ತು. ಅವನ ಬೆನ್ನೂ ಆ ಮಾತಿಗೆ ತಕ್ಕಂತೆ ನೆಟ್ಟಗಾಗುತ್ತಿತ್ತು. ಆದರೆ ಸಂಕ್ರಾಂತಿ ಮುಗಿಸಿಕೊಂಡು ಬೆಟ್ಟದಿಂದ ಇಳಿದು ಬಂದು ಮಾಲೆ ತೆಗೆದನೋ, ಅದೇ ಸಂಜೆ ಅದೇ ಸಾರಾಯಿ ಅಂಗಡಿ, ಅದೇ ಚರಂಡಿ, ಅದೇ ಮುತ್ತುರಾಜ. ನಾಯಿಬಾಲಕ್ಕೆ ದಬ್ಬೆ ಕಟ್ಟಿ ಬಿಚ್ಚಿದ ಹಾಗೆ.

ಅವನ ಕಸುಬು ಮೊಸಾಯಿಕ್ ನೆಲಕ್ಕೆ ಪಾಲಿಶ್ ಹೊಡೆಯುವುದು. ಜಯನಗರದ ಎಷ್ಟೋ ಮನೆಗಳ ನಡುಮನೆಯಲ್ಲಿ ಮುಖ ಕಾಣುವ ಹಾಗೆ ನೆಲ ಹೊಳೆಯುತ್ತಿದ್ದರೆ ಅದು ಅವನ ತೋಳಿನ ಕೆಲಸ. ಅವನು ಮಷೀನು ಹಿಡಿದರೆ, ಜೊತೆಗಾರ ಸೇತುರಾಮ ನೀರು ಬಿಟ್ಟು ಕೆಸರು ಬಳಿಯುತ್ತಿದ್ದ. ದಿನವಿಡೀ ಗಿರ್ರೆನ್ನುವ ಮಷೀನು ಹಿಡಿದ ಕೈ ಸಂಜೆ ಬಿಟ್ಟ ಮೇಲೂ ನಡುಗುತ್ತಿತ್ತು. ನಡುಕ ನಿಲ್ಲಲಿ ಎಂದು ಒಂದು ಪ್ಯಾಕೆಟ್ ಸಾರಾಯಿ. ಕೊನೆಕೊನೆಗೆ ಬೆಳಗ್ಗೆ ಎದ್ದು ಮಷೀನು ಹಿಡಿಯಬೇಕಾದರೂ ಒಂದು ಪ್ಯಾಕೆಟ್.

ಆ ವರ್ಷ ದೀಪಾವಳಿ ಹೊತ್ತಿಗೆ ಅವನು ರಕ್ತ ಕಾರಿಕೊಂಡ. ಡಾಕ್ಟರು ಅವನನ್ನು ಬಿಟ್ಟು ಹೆಂಡತಿ ಚೂಡಾಮಣಿಯ ಮುಖ ನೋಡಿ ಹೇಳಿದರು: “ಇನ್ನೊಂದ್ ಸಲ ಶುರು ಮಾಡಿದ್ರೆ ಲಿವರ್ರು ಕೈ ಬಿಡುತ್ತೆ ಕಣಮ್ಮ. ಆಮೇಲೆ ನಾನೂ ಕೈ ಬಿಡ್ಬೇಕಾಗುತ್ತೆ.”

ಶಾಮಣ್ಣ ಆ ಸಲ ಹೊತ್ತಿಗೆ ಮುಂಚೆಯೇ ಮಾಲೆ ಹಾಕಿದ. ಕುಡಿತ ನಿಂತ ಮೊದಲ ವಾರ ಮುತ್ತುರಾಜನಿಗೆ ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತಿತ್ತು, ಬೆವರು ಸುರಿದು ಚಾಪೆ ನೆನೆಯುತ್ತಿತ್ತು. ಡಾಕ್ಟರು ಕೊಟ್ಟ ಮಾತ್ರೆಯನ್ನು ಶಾಮಣ್ಣ ಹೊತ್ತುಹೊತ್ತಿಗೆ ನುಂಗಿಸಿದ. ಗುಂಪಿನ ಸ್ವಾಮಿಗಳು ಸರದಿಯ ಮೇಲೆ ಶೆಡ್ಡಿನಲ್ಲಿ ಕೂತು, ಅವನ ಕೈ ಹಿಡಿದುಕೊಂಡು, ಶರಣು ಕೂಗಿದರು. ಹೀಗೆ ಹೆರಿಗೆ ಮಾಡಿಸಿದ ಹಾಗೆ ಅವನನ್ನು ಈಚೆ ತೆಗೆದರು. ಬೆಟ್ಟಕ್ಕೂ ಹೋಗಿ ಬಂದಾಯಿತು.

ವ್ಯಾನು ಸಾರಕ್ಕಿಗೆ ಬಂದು ನಿಂತ ಬೆಳಿಗ್ಗೆ ಒಬ್ಬೊಬ್ಬರಾಗಿ ಮಾಲೆ ಇಳಿಸಿದರು. ಗುರು ಹಾಕಿದ ಮಾಲೆಯನ್ನು ಹೆತ್ತ ತಾಯಿ ತೆಗೆಯಬೇಕು, ತಾಯಿ ಇಲ್ಲದವರಿಗೆ ಗುರುವೇ ತೆಗೆಯಬೇಕು ಎನ್ನುವುದು ಆ ಗುಂಪಿನ ಪದ್ಧತಿ. ಮಧ್ಯಾಹ್ನಕ್ಕೆ ಎಲ್ಲರೂ ಸೇರಿ ಬಾಡೂಟ, ಅದರ ಜೊತೆಗೆ ಬಾಟಲಿ ಎನ್ನುವುದೂ ಪದ್ಧತಿಯೇ ಆಗಿಹೋಗಿತ್ತು. ಆಗಲೇ ಮಾಲೆ ತೆಗೆಸಿಕೊಂಡ ಸೇತುರಾಮ ಮುತ್ತುರಾಜನ ಹೆಗಲ ಮೇಲೆ ಕೈ ಹಾಕಿದ.

“ಏನ್ ಮಗಾ, ಉತ್ತರಳ್ಳಿಗೆ ಹೋಗಿ ಅಮ್ಮನ ಕೈಲಿ ಇಳಿಸ್ಕೊಂಡ್ ಬಾ. ಮಟನ್ನು ಬೇಯ್ತಾ ಐತೆ. ಮಾಲೆ ಇಳಿಸಿದ ದಿನ ಒಂದ್ ಗುಟುಕು ಏರಿಸ್ದೆ ಇದ್ರೆ ಅಯ್ಯಪ್ಪಂಗೇ ಬೇಜಾರು.”

ಮುತ್ತುರಾಜ ಎರಡೂ ಕೈಯಲ್ಲಿ ಕತ್ತಿನ ಮಣಿ ಅವುಚಿ ಹಿಡಿದುಕೊಂಡ. ಬಾಯಿಯಲ್ಲಿ ಆಗಲೇ ನೀರೂರಿತ್ತು. ಅದು ಅವನಿಗೂ ಗೊತ್ತಾಯಿತು. “ನಾನ್ ಇಳಿಸಲ್ಲ” ಎಂದವನೇ ಮನೆ ಕಡೆ ನಡೆದುಬಿಟ್ಟ.

ಅವತ್ತು ಇಳಿಸಲಿಲ್ಲ, ರಥಸಪ್ತಮಿಗೂ ಇಳಿಸಲಿಲ್ಲ. ಬೀದಿಯವರೆಲ್ಲ ಚಪ್ಪಲಿ ಮೆಟ್ಟಿ, ಕ್ರಾಪು ತೆಗೆಸಿ, ಬಣ್ಣದ ಅಂಗಿ ಹಾಕಿಕೊಂಡು ತಿರುಗುತ್ತಿದ್ದರೆ, ಇವನೊಬ್ಬ ಗಡ್ಡ ಬಿಟ್ಟು ಕಪ್ಪು ಪಂಚೆ ಸುತ್ತಿ ಬರಿಗಾಲಲ್ಲಿ ಕಾದ ಟಾರಿನ ಮೇಲೆ ನಡೆಯುತ್ತಿದ್ದ. ಊರಬಾಯಿಗೆ ಬೀಗ ಹಾಕುವವರು ಯಾರು? ಹಾಲಿನ ಬೂತಿನ ಹತ್ತಿರ ಒಬ್ಬ, “ಏನ್ ಸ್ವಾಮಿ, ಮುಂದಿನ್ ವರ್ಷದ್ದೂ ಅಡ್ವಾನ್ಸಾಗೇ ಹಾಕ್ಕೊಂಡ್ಬಿಟ್ರಾ?” ಎಂದರೆ, ಇನ್ನೊಬ್ಬ, “ಸುಮ್ನಿರೋ, ಸ್ವಾಮಿ ಬಟ್ಟೆ ಸೋಪು ಉಳಿಸ್ತವ್ರೆ” ಎನ್ನುತ್ತಿದ್ದ. ಅವನು ನಗುತ್ತಿರಲಿಲ್ಲ. ಸಾರಾಯಿ ಅಂಗಡಿ ಮುಂದೆ ಹಾಯುವಾಗ ಮಣಿಯನ್ನು ಮುಷ್ಟಿಯಲ್ಲಿ ಹಿಡಿದು, ಉಸಿರು ಕಟ್ಟಿ, ಮುಳುಗುವವನು ಹಗ್ಗ ಹಿಡಿದ ಹಾಗೆ ದಾಟುತ್ತಿದ್ದ.

ಮನೆಯಲ್ಲಿ ಅದರ ಭಾರ ಬಿದ್ದದ್ದು ಚೂಡಾಮಣಿಯ ಮೇಲೆ. ಮಾಲೆ ಕತ್ತಿನಲ್ಲಿ ಇರುವಷ್ಟು ದಿನ ಗಂಡ ಗಂಡನಲ್ಲ, ಸ್ವಾಮಿ. ನಸುಕಿಗೇ ಮಿಂದು ಅಡುಗೆ ಮಾಡಬೇಕು. ತಿಂಗಳ ಆ ಮೂರು ದಿನ ಅವಳ ಕೈಯ ನೀರೂ ಕೂಡದೆಂದು ಅವನು ಶಾಮಣ್ಣನ ಶೆಡ್ಡಿನಲ್ಲಿ ಗಂಜಿ ಬೇಯಿಸಿಕೊಳ್ಳುತ್ತಿದ್ದ. ಅವಳು ಒಂದು ದಿನವೂ ಗೊಣಗಲಿಲ್ಲ.

“ಇಳ್ಸೋದೇ ಬೇಡ ಬಿಡಿ ಸ್ವಾಮಿ” ಎಂದಳು. “ಸಾಯೋ ತನಕ ಹಿಂಗೇ ಇರಿ. ನಾನು ಮುತ್ತೈದೆಯಾಗಿ ಇರ್ತೀನಲ್ಲ, ಅಷ್ಟು ಸಾಕು ನಂಗೆ.”

ಆದರೆ ಉತ್ತರಹಳ್ಳಿಯಲ್ಲಿ ಒಬ್ಬಳು ಕಾಯುತ್ತಿದ್ದಳು. ಮುತ್ತುರಾಜನ ತಾಯಿ ನಾಗಲಕ್ಷ್ಮಮ್ಮ. ಜೆ.ಪಿ. ನಗರದ ಬಡಾವಣೆಗಳು ಎದ್ದಾಗ ಕಲ್ಲು, ಮರಳು ಹೊತ್ತ ಹೆಂಗಸು. ಮೈಕೈ ನೋವಿಗೆಂದು ಸಂಜೆ ಒಂದು ಗುಟುಕು ಸಾರಾಯಿ ಹಾಕಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದಳು. ಗುಟುಕು ಎಂದೂ ಎರಡಾಗಲಿಲ್ಲ. ಅದೇ ಗುಟುಕು ಮಗನಿಗೆ ಹೊಳೆಯಾಗಿ ಹರಿಯಿತೆಂಬ ಕೊರಗು ಅವಳಿಗಿತ್ತು. ಪ್ರತಿ ವರ್ಷ ಮಗನ ಮಾಲೆ ಇಳಿಸಿ, ತಲೆಗೆ ಎಣ್ಣೆ ಒತ್ತಿ, ನೀರು ಹಾಕುವುದು ಅವಳ ಹಬ್ಬ. ಈ ಸಲ ಮಗ ಬರಲೇ ಇಲ್ಲ. ಪಕ್ಕದ ಮನೆಯ ಫೋನಿಗೆ ಮೂರು ಸಲ ಹೇಳಿ ಕಳಿಸಿದಳು. “ಕೆಲಸ ಐತೆ” ಎಂದ. “ಬರ್ತೀನಿ” ಎಂದ.

ಹೋಗುವುದಾದರೂ ಹೇಗೆ? ಆ ಕೈ ಕತ್ತಿಗೆ ಬಂತೆಂದರೆ ಬೇಡ ಎನ್ನಲು ಅವನಿಗೆ ನಾಲಿಗೆ ಬರುತ್ತಿರಲಿಲ್ಲ. ಹೆತ್ತವಳ ಕೈಗೆ ಅವನು ಯಮನ ಪಾಶಕ್ಕೆ ಹೆದರುವಂತೆ ಹೆದರಿದ.

ಕೊನೆಗೆ ಅವಳೇ ಬಸ್ಸು ಹತ್ತಿ ಬಂದಳು. ಸೆರಗಿನಲ್ಲಿ ಎಣ್ಣೆ ಶೀಶೆ, ಕೈಯಲ್ಲಿ ತೆಂಗಿನಕಾಯಿ. ಬಾಗಿಲಲ್ಲಿ ಅವಳ ಕೆಮ್ಮು ಕೇಳಿದ್ದೇ ಮುತ್ತುರಾಜ ಹಿತ್ತಲಿನಿಂದ ಹಾರಿ ಕೆರೆ ಏರಿಗೆ ಹೋಗಿ ಕೂತ. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಅವನು ಏಳಲಿಲ್ಲ. ಹಿಂದಿರುಗಿದಾಗ ತಾಯಿ ಹೊರಟುಹೋಗಿದ್ದಳು, ಎಣ್ಣೆ ಶೀಶೆ ಮಾತ್ರ ಇತ್ತು.

“ಏನಂದ್ಲು?” ಎಂದು ಕೇಳಿದ.

“ಊಟಾನೂ ಮಾಡ್ಲಿಲ್ಲ. ಮಗ ಬರ್ಲಿ, ಜೊತೇಲಿ ಉಣ್ತೀನಿ ಅಂತ ಕೂತಿದ್ರು” ಎಂದಳು ಚೂಡಾಮಣಿ. “ಹೋಗ್ತಾ ಹೇಳಿದ್ರು, ನನ್ ಕಂಡ್ರೆ ಅವನಿಗೆ ಏನೋ ಸಿಟ್ಟು, ಯಾವತ್ತೋ ಕುಡಿದು ಹಾಳಾಗು ಅಂತ ಬೈದಿದ್ದೆ, ಅದನ್ನೇ ಮನಸಲ್ಲಿ ಇಟ್ಕೊಂಡವ್ನೆ ಅಂತ.”

“ನಿಜ ಹೇಳ್ಬಾರ್ದಿತ್ತಾ?”

“ಏನಂತ ಹೇಳ್ಲಿ? ನಿಮ್ ಕೈ ತಾಗಿದ್ರೆ ನಿಮ್ ಮಗ ಸಾಯ್ತಾನೆ ಅಂತ ಹೇಳ್ಲಾ?”

ಶಾಮಣ್ಣನಿಗೂ ಇದು ಸರಿಬರಲಿಲ್ಲ. ಶೆಡ್ಡಿಗೆ ಕರೆಸಿ ಕೂರಿಸಿಕೊಂಡ. “ಸ್ವಾಮಿ, ಯಾತ್ರೆ ಮುಗೀತು, ಮಾಲೆ ಇಳಿಸ್ಬೇಕು. ಅದು ನಿಯಮ. ಭಕ್ತಿಗೆ ಹಾಕಿದ್ದನ್ನ ಭಯಕ್ಕೆ ಇಟ್ಕೊಂಡಿದ್ದೀರಿ.”

“ಭಯಾನೇ ಗುರುಸ್ವಾಮಿ. ಇದು ಹೋದ್ರೆ ನಾನ್ ಉಳಿಯಲ್ಲ.”

“ಅವತ್ತು ನಿಮ್ ಕೈ ಹಿಡ್ಕೊಂಡು ಕೂತಿದ್ದು ಮಾಲೆಯಾ? ಮನುಷ್ಯರಲ್ವಾ?”

“ಮಾಲೆ ಇತ್ತು ಅಂತ ಮನುಷ್ಯರು ಬಂದ್ರು” ಎಂದ ಮುತ್ತುರಾಜ. “ಕುಡುಕ ಮುತ್ತನ ಕೈ ಯಾರ್ ಹಿಡೀತಾರೆ?”

ಶಾಮಣ್ಣ ಎದ್ದು ಶಾಪಿಗೆ ಹೋಗಿ ಸೈಕಲ್ಲಿಗೆ ಗಾಳಿ ಹೊಡೆಯತೊಡಗಿದ.

ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೊರಟುಹೋಗಿತ್ತು. ಬನಶಂಕರಿಯ ಒಂದು ಮನೆಯಲ್ಲಿ ಮಷೀನು ತಿರುಗುತ್ತಿರುವಾಗ ಸೇತುರಾಮ ಓಡಿಬಂದು ಸ್ವಿಚ್ಚು ಆರಿಸಿದ. “ಅಮ್ಮ ಹೋಗ್ಬಿಟ್ರಂತೆ ಕಣೋ” ಎಂದ. ಬೆಳಿಗ್ಗೆ ನೀರು ಸೇದಲು ಹೋದವಳು ಕೊಡದ ಪಕ್ಕದಲ್ಲೇ ಕುಸಿದಿದ್ದಳಂತೆ.

ಸೂತಕ ಬಂದ ಮೇಲೆ ಮಾಲೆ ನಿಲ್ಲುವಂತಿಲ್ಲ. ಮಾಲೆ ಹಾಕಿದವನು ಹೆಣ ಮುಟ್ಟುವಂತಿಲ್ಲ. ಹಿರಿಮಗ ಮುಟ್ಟದೆ ಹೆಣ ಏಳುವಂತಿಲ್ಲ. ಉತ್ತರಹಳ್ಳಿಯ ಮನೆಯ ಹೊರಗೆ ಬೇವಿನ ಮರದ ಕೆಳಗೆ ಮುತ್ತುರಾಜ ಮಣಿ ಹಿಡಿದು ನಿಂತೇ ಇದ್ದ. ಒಳಗಿನಿಂದ ಗೋಳು ಕೇಳುತ್ತಿತ್ತು. ಸೋದರಮಾವ ಎರಡು ಸಲ ಬಂದು ಕರೆದು ಹೋದ. ಕೊನೆಗೆ ಶಾಮಣ್ಣ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಮಂತ್ರ ಹೇಳಿ ಮಾಲೆಯನ್ನು ತಲೆಯ ಮೇಲಿಂದ ಎತ್ತಿಕೊಂಡ.

“ಹೋಗು ಮುತ್ತ” ಎಂದ. “ನಿಮ್ಮವ್ವನ ಮುಟ್ಟು.”

ತಿಂಗಳುಗಟ್ಟಲೆ ‘ಸ್ವಾಮಿ, ನೀವು’ ಎನ್ನುತ್ತಿದ್ದ ಬಾಯಿ ‘ಹೋಗು ಮುತ್ತ’ ಎಂದದ್ದು ಕೇಳಿ, ನಡುಬೀದಿಯಲ್ಲಿ ಯಾರೋ ಮೈಮೇಲಿನ ಬಟ್ಟೆ ಸೆಳೆದಂತಾಯಿತು ಅವನಿಗೆ. ಒಳಗೆ ಹೋಗಿ ತಾಯಿಯ ಕೈ ಹಿಡಿದ. ಆ ಕೈಯನ್ನು ತಪ್ಪಿಸಿಕೊಂಡು ಕೆರೆ ಏರಿಯಲ್ಲಿ ಕೂತಿದ್ದನಲ್ಲ! ಎದೆ ಬಡಿದುಕೊಂಡು ಅತ್ತ. ಅಳುತ್ತಿರುವಾಗಲೇ ತಮಟೆಯವರ ಬಾಯಿಂದ ಬಂದ ಸಾರಾಯಿ ವಾಸನೆಗೆ ಮೂಗು ಅರಳಿತು. ಅವನು ತನ್ನ ಮೇಲೆ ತಾನೇ ಅಸಹ್ಯಪಟ್ಟ.

ಮಣ್ಣು ಆಯಿತು. ಎರಡು ದಿನ ಚೂಡಾಮಣಿ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಮೂರನೆಯ ದಿನ ಹಾಲುತುಪ್ಪ. ಗುಂಡಿಯ ಮೇಲೆ ಬಾಳೆಲೆ ಹಾಸಿ ಸತ್ತವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ಮುದ್ದೆ, ಅವರೆಕಾಳು ಸಾರು, ಎಲೆಯಡಿಕೆ, ಕಡ್ಡಿಪುಡಿ. ಕೊನೆಗೆ ಸೇತುರಾಮ ತಂದ ಪ್ಯಾಕೆಟ್ಟನ್ನು ಸೋದರಮಾವ ಹಲ್ಲಲ್ಲಿ ಕಚ್ಚಿ ಲೋಟಕ್ಕೆ ಸುರಿದ. ಕಾಗೆ ಬಂದು ಮುದ್ದೆ ಮುಟ್ಟಿತು. ಎಲ್ಲರೂ “ಅಬ್ಬ, ತೃಪ್ತಿಯಾಯ್ತು” ಎಂದರು. ಇನ್ನು ಎಡೆಯನ್ನು ಹಿರಿಮಗ ಮೊದಲು ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ಮಿಕ್ಕವರು.

ಮುತ್ತುರಾಜ ಮುದ್ದೆ ಮುರಿದು ತಿಂದ. ಎಲೆಯಡಿಕೆ ಹಾಕಿಕೊಂಡ. ಸೋದರಮಾವ ಲೋಟ ಚಾಚಿದ.

“ಬ್ಯಾಡ ಮಾವ. ಡಾಕ್ಟ್ರು...”

“ಡಾಕ್ಟ್ರು ಯಾರ್ಲಾ ಇಲ್ಲಿ? ಇದು ಹೆಂಡದ ಅಂಗಡಿಯಲ್ಲ, ನಿಮ್ಮವ್ವನ ಎಡೆ. ಬದುಕಿದ್ದಾಗ ಅವಳ ಮುಖ ನೋಡಕ್ ಬರ್ಲಿಲ್ಲ. ಸತ್ತ ಮೇಲೆ ಅವಳ ಎಡೇನೂ ಒದೀತೀಯಾ?”

ಸೇತುರಾಮ ಕಿವಿಯ ಹತ್ತಿರ ಬಂದು, “ನಾಲ್ಗೆಗೆ ತಾಗಿಸಿ ಉಗುಳ್ಬಿಡು ಮಗಾ, ಮುಗ್ದೋಗ್ಲಿ” ಎಂದ.

ನಾಲಿಗೆಗೆ ತಾಗಿದರೆ ಉಗುಳುವವನಲ್ಲ ತಾನು ಎಂದು ಮುತ್ತುರಾಜನಿಗೆ ಗೊತ್ತಿತ್ತು. ಕೈ ತಾನಾಗಿಯೇ ಕತ್ತಿಗೆ ಹೋಯಿತು. ಅಲ್ಲಿ ಬರೀ ಬೆವರು. ಆ ಕೈ ಇಳಿದು ಲೋಟ ಹಿಡಿಯಿತು. ಬೇಡವೆಂದು ತಳ್ಳಲು ಹಿಡಿದನೋ, ಬೇಕೆಂದು ಹಿಡಿದನೋ, ಅವನಿಗೇ ತಿಳಿಯಲಿಲ್ಲ. ಲೋಟ ತುಟಿಯ ಹತ್ತಿರ ಬಂತು.

ಹೆಂಗಸರ ಗುಂಪಿನಿಂದ ಚೂಡಾಮಣಿ ಎದ್ದು ಬಂದಳು. ಅವನ ಕೈಯಿಂದ ಲೋಟ ಕಿತ್ತುಕೊಂಡಳು.

“ಏಯ್, ಹೆಂಗಸಾಗಿ...” ಎಂದ ಸೋದರಮಾವ.

“ಸೊಸೆಗೂ ಹಕ್ಕೈತೆ ಮಾವ. ಅತ್ತೆಗೆ ಕೊನೇದಾಗಿ ಅನ್ನ ಬಡಿಸಿ, ಉಣ್ಣಿಸ್ದೆ ಕಳಿಸಿದ್ದು ನಾನು. ಅವರ ಎಡೆ ನಾನ್ ತಗೋತೀನಿ.” ಮೂಗು ಹಿಡಿದುಕೊಂಡು, ಹರಳೆಣ್ಣೆ ಕುಡಿದ ಹಾಗೆ, ಲೋಟವನ್ನು ಬುಡ ಮೇಲೆ ಮಾಡಿದಳು. ಸಾರಾಯಿಯ ವಾಸನೆಗೇ ಬಾಯಿಗೆ ಸೆರಗು ಒತ್ತುತ್ತಿದ್ದ ಹೆಂಗಸು. ಕಣ್ಣು ಕೆಂಪಾಯಿತು, ಕೆಮ್ಮು ಹತ್ತಿತು, ಗುಂಡಿಯ ಮಣ್ಣಿನ ಮೇಲೆ ಕೈಯೂರಿದಳು. ಆದರೂ ಖಾಲಿ ಲೋಟವನ್ನು ಎಲ್ಲರಿಗೂ ಕಾಣುವಂತೆ ಬೋರಲು ಹಾಕಿದಳು. ಸೇತುರಾಮ ಜೇಬಿನಲ್ಲಿದ್ದ ಇನ್ನೊಂದು ಪ್ಯಾಕೆಟ್ಟನ್ನು ಅಂಗಿಯ ಮೇಲಿಂದಲೇ ಕೈಯಲ್ಲಿ ಮುಚ್ಚಿಕೊಂಡ.

ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಮುತ್ತುರಾಜ ಸಾರಕ್ಕಿಗೆ ಬಂದ. ಶಾಮಣ್ಣ ಜೊತೆಗೆ ಬಂದ. ದಾರಿಯಲ್ಲಿ ಎರಡು ಸಲ ಆಟೋ ನಿಲ್ಲಿಸಿ ವಾಂತಿ ಮಾಡಿಕೊಂಡಳು. ಬೀದಿಯ ಬಾಯಲ್ಲಿ ಇಳಿದಾಗ ಕಾಲು ನಿಲ್ಲದೆ ಅವನ ಹೆಗಲಿಗೆ ಜೋತುಬಿದ್ದಳು. ಕಂಡವರು ಬಾಯಿ ತೆರೆದರು. “ಇದೇನ್ರಪ್ಪ, ಸ್ವಾಮಿ ನೆಟ್ಟಗವ್ರೆ, ಅಮ್ಮಾವ್ರು ಓಲಾಡ್ತವ್ರೆ!” ಎಂದು ಯಾರೋ ನಕ್ಕರು. ಇಷ್ಟು ವರ್ಷ ಇದೇ ಬೀದಿಯಲ್ಲಿ ಅವಳು ತನ್ನನ್ನು ಹೀಗೇ ಹೊತ್ತು ನಡೆದಿದ್ದಳು, ಜನ ಹೀಗೇ ನಕ್ಕಿದ್ದರು. ಅದು ಎಷ್ಟು ಭಾರ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು.

ಚಾಪೆಯ ಮೇಲೆ ಮಲಗಿಸಿ ಒದ್ದೆ ಬಟ್ಟೆಯಿಂದ ಮುಖ ಒರೆಸಿದ.

“ಬೆಂಕಿ ಥರ ಐತಲ್ಲ ಸ್ವಾಮಿ ಇದು” ಎಂದು ತೊದಲಿದಳು. “ಇದನ್ನ ಹೆಂಗ್ ಕುಡೀತಿದ್ರಿ... ಪ್ರತಿ ಸಲಾನೂ ನಾನೇ ಕುಡಿಯಕ್ಕಾಗಲ್ಲ, ಗೊತ್ತಾಯ್ತಾ?”

ಅವಳ ಉಸಿರು ಮುಖಕ್ಕೆ ಬಡಿಯಿತು. ಅದೇ ವಾಸನೆ. ತನಗಾಗಿ ನರಳುತ್ತಿರುವ ಹೆಂಡತಿಯ ಬಾಯಿಯ ವಾಸನೆಗೆ ಅವನ ಬಾಯಿಯಲ್ಲಿ ನೀರೂರಿತು. ಇಂಥ ಹೊತ್ತಿನಲ್ಲೂ! ಬಟ್ಟೆ ಬಿಸಾಕಿ ದಡಕ್ಕನೆ ಎದ್ದ. ಹೊಸಿಲು ದಾಟಿದ. ಮೂಲೆ ತಿರುಗಿದರೆ ಅಂಗಡಿ. ಕಾಲಿಗೆ ದಾರಿ ಹೇಳಿಕೊಡಬೇಕಾಗಿರಲಿಲ್ಲ.

ಜಗಲಿಯ ಮೇಲೆ ಕೂತಿದ್ದ ಶಾಮಣ್ಣ ಹೊರಡಲೆಂದು ಚಪ್ಪಲಿ ಮೆಟ್ಟುತ್ತಿದ್ದ.

“ಶಾಮಣ್ಣ” ಎಂದ ಮುತ್ತುರಾಜ. ದನಿ ಒಡೆದಿತ್ತು. “ನನ್ ಕಾಲು ಆ ಕಡೆ ಹೋಗ್ತಾ ಐತೆ. ಹಿಡ್ಕೋ.”

ಶಾಮಣ್ಣ ಅವನ ಬರಿಯ ಕತ್ತು ನೋಡಿದ. “ಸೂತಕದಾಗೆ ಮಾಲೆ ಹಾಕಂಗಿಲ್ಲ ಕಣೋ. ಮುಂದಿನ ಕಾರ್ತಿಕದ ತನಕ...”

“ಮಾಲೆ ಬ್ಯಾಡ. ನೀನ್ ಇರು. ನಾನ್ ಬೈತೀನಿ, ಒದೀತೀನಿ. ಆದ್ರೂ ಬಿಡ್ಬೇಡ.”

ಶಾಮಣ್ಣ ಚಪ್ಪಲಿ ಬಿಟ್ಟ. ಮುತ್ತುರಾಜನ ರಟ್ಟೆ ಹಿಡಿದು ಒಳಗೆ ತಳ್ಳಿದ. ತಾನು ಹೊಸಿಲಿಗೆ ಅಡ್ಡಲಾಗಿ ಕೂತು, ಬಾಗಿಲ ಚೌಕಟ್ಟಿನ ಒಂದು ಪಟ್ಟಿಗೆ ಬೆನ್ನು, ಇನ್ನೊಂದು ಪಟ್ಟಿಗೆ ಕಾಲು ಕೊಟ್ಟು ದಾರಿ ಕಟ್ಟಿದ. ಮುತ್ತುರಾಜ ಗೋಡೆಗೆ ಒರಗಿ ಕುಸಿದು, ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡ. ಹಲ್ಲು ಕಟಕಟ ಎನ್ನುತ್ತಿತ್ತು. ಹೊರಗೆ ಇನ್ನೂ ಸುಡುವ ಬಿಸಿಲಿತ್ತು.

ಚಾಪೆಯ ಮೇಲಿಂದ ಚೂಡಾಮಣಿ ಕಣ್ಣು ಮುಚ್ಚಿಕೊಂಡೇ ಕೇಳಿದಳು: “ಶಾಮಣ್ಣ... ಅವರು ಹೋದ್ರಾ?”

“ಇಲ್ಲ ಕಣಮ್ಮ” ಎಂದ ಶಾಮಣ್ಣ. “ಇಲ್ಲೇ ಅವ್ನೆ.”