ಐದು ವರ್ಷದೊಳಗಿನ ಆಟಗಾರರು

ಟೊಬೇಗೊ ದ್ವೀಪದ ನಮ್ಮ ಊರಲ್ಲಿ ಪ್ರತಿ ವರ್ಷ ಈಸ್ಟರ್ ಹಬ್ಬ ಮುಗಿದ ಮಂಗಳವಾರ ಆಡುಗಳನ್ನು ಓಡಿಸುತ್ತೇವೆ. ಆಡು ಮುಂದೆ, ಹಗ್ಗ ಹಿಡಿದ ಮನುಷ್ಯ ಬರಿಗಾಲಲ್ಲಿ ಹಿಂದೆ. ಗೆದ್ದರೆ ಹೆಸರು ಆಡಿನದು, ಬಹುಮಾನದ ಬಟ್ಟಲಿನ ಮೇಲೆ ಕೆತ್ತುವುದೂ ಅದನ್ನೇ. ಹಿಂದೆ ಓಡಿದವನನ್ನು ಸಂಜೆಯ ಹೊತ್ತಿಗೆ ಅವನ ಹೆಂಡತಿಯೂ ಮರೆತಿರುತ್ತಾಳೆ. ಈ ಓಟದ ಸಂಘಕ್ಕೆ ಅಲ್ಫರ್ಡ್ ಕ್ವಾಶಿ ಎಂಬ ನಾನು ಮೂವತ್ತೊಂದು ವರ್ಷಗಳಿಂದ ಕಾರ್ಯದರ್ಶಿ. ಶಾಲೆ ಕಂಡದ್ದು ನಾಲ್ಕೇ ವರ್ಷ. ಉಳಿದ ವಿದ್ಯೆಯೆಲ್ಲ ಮೀನು ಸುತ್ತಿಕೊಟ್ಟ ಹಳೆಯ ಪತ್ರಿಕೆಗಳಿಂದ ಬಂದದ್ದು. ಮೀನಿನ ವಾಸನೆ ಹೋಯಿತು, ಜಂಬ ಉಳಿಯಿತು.

ಈಗ ಬರೆಯುತ್ತಿರುವುದು ಎರ್ಮಿನ್ ಆಟ್ಲಿಯ ವಿಷಯ. ನನ್ನ ಬಗ್ಗೆಯೇ ಬರೆಯಲು ಕೂತಿದ್ದೆ. ಹೇಳಿಕೊಳ್ಳುವಂಥದ್ದು ಅರ್ಧ ಪುಟ ತುಂಬಲಿಲ್ಲ.

ಎರ್ಮಿನ್‌ಗೆ ಆಗ ಐವತ್ತೆಂಟು. ಒಂಟಿ ಹೆಂಗಸು. ಕಡಲ ದಂಡೆಯ ಮನೆಯಲ್ಲಿ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟು, ಬೆಳಿಗ್ಗೆ ಉಪ್ಪುಮೀನು, ಕರಿದ ರೊಟ್ಟಿ ಬಡಿಸುತ್ತಿದ್ದಳು. ಅದಕ್ಕೂ ಮುಂಚೆ ಆಡುಗಳನ್ನು ಸಮುದ್ರದಲ್ಲಿ ಈಜಿಸಿ ಕಾಲು ಗಟ್ಟಿ ಮಾಡುವ ಕೆಲಸ. ಅವಳ ಬಿಷಪ್ ಎಂಬ ಗಡ್ಡದ ಹೋತ ಎರಡು ಸಲ ಗೆದ್ದಿತ್ತು. ಓಟದ ದಿನ ಹಗ್ಗ ಹಿಡಿಯುತ್ತಿದ್ದವರು ಮಾತ್ರ ಊರಿನ ಗಂಡಸರು.

ಕೊರೋನಾ ಬಂತು. ವಿಮಾನಗಳು ನಿಂತವು, ಕೋಣೆಗಳು ಖಾಲಿಯಾದವು, ಓಟವೂ ರದ್ದಾಯಿತು. ಪ್ರವಾಸಿಗರನ್ನು ನಂಬಿದ ಸಣ್ಣ ವ್ಯಾಪಾರಗಳಿಗೆ ಸರ್ಕಾರ ನೆರವು ಕೊಟ್ಟಿತು, ಆದರೆ ಬೋರ್ಡು, ನೋಂದಣಿ ಇದ್ದವರಿಗೆ. ಎರ್ಮಿನ್ ಮನೆಗೆ ಬೋರ್ಡೇ ಇರಲಿಲ್ಲ. ಆಡುಗಳು ಒಂದೊಂದಾಗಿ ಕಟುಕ ಗಾಡ್ವಿನ್‌ನ ಗಾಡಿ ಹತ್ತಿದವು. ಕೊನೆಗೆ ಬಿಷಪ್ ಒಬ್ಬನೇ ಉಳಿದ. ತಿಂಗಳ ಕೊನೆಗೆ ಅವನಿಗೂ ಬರುತ್ತೇನೆಂದು ಗಾಡ್ವಿನ್ ಹೇಳಿಹೋಗಿದ್ದ.

ಅಷ್ಟರಲ್ಲಿ ಕ್ರೀಡಾ ಸಂಘಗಳ ಆಟಗಾರರಿಗೂ ನೆರವು ಎಂದು ರೇಡಿಯೊ ಹೇಳಿತು. ಎರ್ಮಿನ್‌ಳ ಅಕ್ಕನ ಮಗಳು ಶಾಂಡ್ರಾ ಟೀಚರು. "ಅರ್ಜಿ ನಾನು ತುಂಬ್ಲಾ ಮಾಮ?" ಎಂದು ಕೇಳಿದಳು.

"ಮೂವತ್ತೊಂದು ವರ್ಷದ ಕಾರ್ಯದರ್ಶಿಗೆ ಅರ್ಜಿ ತುಂಬೋದು ಹೇಳ್ಕೊಡ್ತೀಯೇನಮ್ಮ?" ಎಂದು ಅವಳನ್ನು ಕಳುಹಿಸಿಬಿಟ್ಟೆ.

ಅರ್ಜಿಯಲ್ಲಿ ಆಟಗಾರರ ಹೆಸರು ಕೇಳಿದ್ದರು. ನಮ್ಮಲ್ಲಿ ಗೆಲ್ಲುವುದು ಆಡು, ಹಾಗಾಗಿ ಎರಡನೆಯ ಯೋಚನೆಯೇ ಬರಲಿಲ್ಲ. ಬಿಷಪ್, ವಯಸ್ಸು ನಾಲ್ಕು, ತೂಕ ಮೂವತ್ತೆಂಟು ಕಿಲೊ. ಪಕ್ಕದ ಮನೆಯ ಜಡ್ಜ್, ವಯಸ್ಸು ಮೂರು, ಕಾಲು ಸ್ವಲ್ಪ ಕುಂಟು. ಪಾದರಕ್ಷೆ: ಇಲ್ಲ. ದಿನದ ಅಭ್ಯಾಸ: ಕುತ್ತಿಗೆಗೆ ಹಗ್ಗ ಕಟ್ಟಿ ಸಮುದ್ರದಲ್ಲಿ ಈಜಿಸುವುದು. ದುಂಡಗಿನ ಅಕ್ಷರದಲ್ಲಿ ಬರೆದು, ಎರಡು ಸಲ ಓದಿ, ನನಗೆ ನಾನೇ ಭೇಷ್ ಅಂದುಕೊಂಡೆ.

ಎರಡು ವಾರಕ್ಕೆ ಉತ್ತರ ಬಂತು. ಆಟಗಾರರೆಲ್ಲ ಐದು ವರ್ಷದೊಳಗಿನವರಾದ್ದರಿಂದ ತಂದೆತಾಯಿಯ ಸಹಿ ಬೇಕು, ಅಭ್ಯಾಸದ ಕ್ರಮವನ್ನು ಪರಿಶೀಲಿಸಲು ಅಧಿಕಾರಿ ಬರುತ್ತಾರೆ ಎಂದಿತ್ತು. ಅಧಿಕಾರಿಯೇ ಬರುತ್ತಾರೆಂದರೆ ದೊಡ್ಡ ಗೌರವವೆಂದು ಬಗೆದು, ಸಹಿಗಾಗಿ ಎರ್ಮಿನ್ ಮನೆಗೆ ಹೋದೆ.

ಅವಳು ಕಾಗದವನ್ನು ನಿಧಾನವಾಗಿ ಓದಿದಳು. "ಅಣ್ಣಾ, ಬಿಷಪ್‌ನ ತಾಯಿ ಅಂತ ನಾನು ಸಹಿ ಹಾಕ್ಬೇಕಾ?"

"ಸರ್ಕಾರ ಕೇಳಿದೆ. ಹಾಕ್ಬಿಡು."

"ಹಾಗಾದ್ರೆ ಅಪ್ಪನ ಜಾಗದಲ್ಲಿ ನೀನು ಹಾಕು. ಗಡ್ಡ ಹೊಂದುತ್ತೆ."

ಆಗ ನನ್ನ ತಲೆಗೆ ಬೆಳಕು ಹೊಕ್ಕಿತು. ಅವಳು ನಗಲಿಲ್ಲ. ಹಟ್ಟಿಯ ಕಡೆ ನೋಡುತ್ತ, "ಇನ್ನು ಒಂಬತ್ತು ದಿನ ಇದೆ ಗಾಡ್ವಿನ್ ಬರೋಕೆ" ಎಂದಳು.

ಐದನೆಯ ದಿನ ಅಧಿಕಾರಿ ಬಂದರು. ಮುಖಗವಸು ಹಾಕಿದ ಸಣಕಲು ಹೆಂಗಸು. ಬಂದವರೇ ಸಿಟ್ಟಿನಿಂದ, "ಮಕ್ಕಳೆಲ್ಲಿ?" ಎಂದರು.

ನಾನು ಹಟ್ಟಿಯತ್ತ ಕೈ ತೋರಿಸಿದೆ. ಬಿಷಪ್ ಮೆಲುಕು ಹಾಕುತ್ತ ನಮ್ಮನ್ನು ನೋಡಿದ. ಮೇಡಂ ಮೆಟ್ಟಿಲ ಮೇಲೆ ಕೂತರು. ನಗುವಿಗೆ ಭುಜ ಅಲುಗುತ್ತಿದ್ದುದು ಕಂಡಿತು. ಕಣ್ಣೊರೆಸಿಕೊಂಡು ಹೇಳಿದರು: "ಯಜಮಾನ್ರೇ, ಆಡಿಗೆ ಕೊಡೋಕೆ ಬರಲ್ಲ. ಓಡೋ ಮನುಷ್ಯರು ಇದಾರಾ? ಒಬ್ರನ್ನಾದ್ರೂ ಕಣ್ಣಾರೆ ನೋಡ್ದೆ ನಾನು ವರದಿ ಬರೆಯೋ ಹಾಗಿಲ್ಲ. ಮಧ್ಯಾಹ್ನ ದೋಣಿ ಹಿಡೀಬೇಕು."

ಓಡುವ ಗಂಡಸರೆಲ್ಲ ಮೀನಿಗೆ ಹೋಗಿದ್ದರು. "ನಾನೇ ಓಡ್ತೀನಿ" ಎಂದು ಬೂಟು ಕಳಚಿ ಹಗ್ಗ ಹಿಡಿದೆ. ನಾಲ್ಕು ಹೆಜ್ಜೆಯಾಗುವುದರೊಳಗೆ ಮರಳಲ್ಲಿ ಬೋರಲಾಗಿ ಬಿದ್ದಿದ್ದೆ. ಬಿಷಪ್ ಹಿಂದಿರುಗಿ ನೋಡಿದ. ಅಷ್ಟು ಮರ್ಯಾದೆ ಇತ್ತು ಅವನಿಗೆ.

ಎರ್ಮಿನ್ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನನ್ನ ಕೈಯಿಂದ ಹಗ್ಗ ಬಿಡಿಸಿಕೊಂಡು ನಾಲಿಗೆಯಲ್ಲಿ ಒಮ್ಮೆ ಟಕ್ ಎಂದಳು. ಆಮೇಲೆ ಕಂಡದ್ದು ಆಡಿನ ಬಾಲ, ಅವಳ ಬೆನ್ನು, ಮರಳಿನ ದೂಳು. ತೆಂಗಿನ ಸಾಲಿನ ಆ ತುದಿಗೆ ಹೋಗಿ ತಿರುಗಿ ಬಂದರೂ ಹಗ್ಗ ಒಮ್ಮೆಯೂ ಬಿಗಿಯಲಿಲ್ಲ. ಇಪ್ಪತ್ತು ವರ್ಷ ದಿನಾ ಬೆಳಗಿನ ಜಾವ ಅವಳು ಹೀಗೇ ಓಡಿದ್ದಳು. ಆ ಹೊತ್ತಿನಲ್ಲಿ ಕಾರ್ಯದರ್ಶಿಗಳು ಗೊರಕೆ ಹೊಡೆಯುತ್ತಿದ್ದರು.

"ಇಷ್ಟು ಓಡೋರು ಓಟದ ದಿನ ಯಾಕೆ ಓಡಿಲ್ಲ?" ಮೇಡಂ ಕೇಳಿದರು.

"ಯಾರೂ ಕರೀಲಿಲ್ಲ. ಕರಿಯೋರು ಇಲ್ಲೇ ಇದಾರಲ್ಲ, ಕೇಳಿ."

ಸಮುದ್ರದಲ್ಲಿ ನೋಡುವುದಕ್ಕೆ ನನಗೆ ಏನೋ ಸಿಕ್ಕಿತು. ಮೇಡಂ ಜೊತೆಯಲ್ಲೇ ಒಯ್ಯಲೆಂದು ಹೊಸ ಅರ್ಜಿಯನ್ನು ಶಾಂಡ್ರಾ ಅಲ್ಲೇ ತುಂಬಿದಳು. ಆಟಗಾರರ ಪಟ್ಟಿಯಲ್ಲಿ ಮೊದಲ ಹೆಸರು ಎರ್ಮಿನ್ ಆಟ್ಲಿ.

ಮಂಜೂರಾತಿಯ ಕಾಗದ ತಿಂಗಳ ಕೊನೆಯ ದಿನ ಕೈಸೇರಿತು. ಗಾಡ್ವಿನ್ ಆಗಲೇ ಅಂಗಳದಲ್ಲಿದ್ದ.

"ತೂಕ ಎಷ್ಟಿರಬಹುದು ಅಕ್ಕಾ?"

"ಕಾರ್ಯದರ್ಶಿನ ಕೇಳು. ಸರ್ಕಾರಕ್ಕೇ ಬರೆದುಕೊಟ್ಟಿದಾರೆ" ಎಂದು ಅವಳು ಕಾಗದ ತೋರಿಸಿದಳು. "ಇವನು ಮಾರಾಟಕ್ಕಿಲ್ಲ ಕಣಪ್ಪ. ನಾವಿಬ್ರೂ ಜೋಡಿ ಈಗ."

ಗಾಡ್ವಿನ್ ಖಾಲಿ ಗಾಡಿ ಹೊಡೆದುಕೊಂಡು ಹೋದ. ಆದರೆ ಕಾಗದವನ್ನು ಆಡು ತಿಂದರೂ ಹೊಟ್ಟೆ ತುಂಬುವುದಿಲ್ಲ, ಹಣ ಬರುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಎರ್ಮಿನ್ ಒಳಗಿಂದ ಕುಡುಗೋಲು ತಂದು ನನ್ನ ಕೈಗಿಟ್ಟಳು.

"ತಪ್ಪು ಅರ್ಜಿ ನಿಂದು. ಹುಲ್ಲೂ ನಿಂದೇ."

ಎರಡು ತಿಂಗಳು ಬೆಳಗಿನ ಜಾವ ಹುಲ್ಲು ಕೊಯ್ದೆ. ಹಣ ಬಂತು, ಹಟ್ಟಿಗೆ ಧಾನ್ಯದ ಮೂಟೆ ಇಳಿಯಿತು. ಮರುದಿನ ಹಾಯಾಗಿ ಮಲಗಿದ್ದೆ, ಬಾಗಿಲು ಬಡಿದ ಸದ್ದಾಯಿತು.

"ಧಾನ್ಯ ಬಂತಲ್ಲ ಎರ್ಮಿನ್" ಎಂದೆ ಹಾಸಿಗೆಯಿಂದಲೇ.

"ಅವನು ಧಾನ್ಯಕ್ಕೆ ಮೂತಿ ತಿರುಗಿಸ್ತಾನೆ. ನಿನ್ನ ಹುಲ್ಲೇ ಬೇಕಂತೆ. ಏಳಣ್ಣ."

ಎದ್ದು ಕುಡುಗೋಲು ಹುಡುಕಿದೆ. ಮೂವತ್ತೊಂದು ವರ್ಷದಲ್ಲಿ ಸಂಘಕ್ಕೆ ನಾನು ಮಾಡಿದ ಕೆಲಸಗಳಲ್ಲಿ ಯಾರಾದರೂ ಮತ್ತೆ ಬೇಕೆಂದು ಕೇಳಿದ್ದು ಇದೊಂದನ್ನೇ.